ಕೆಂಪಿಗೆ ಹೊಸ ಮನೆ, ಹಳೆಯ ಸ್ಪಾಂಜ್

ಜಯನಗರದ ನಮ್ಮ ಮನೆಗೆ 100 ಲೀಟರಿನ ಗಾಜಿನ ತೊಟ್ಟಿ ಬಂದಿದೆ. ನಮ್ಮ ಗೋಲ್ಡ್‌ಫಿಶ್ ಕೆಂಪಿ ಈಗ ಅಲ್ಲೇ ಇದ್ದಾಳೆ. ಅವಳಿಗೆ ಇಷ್ಟು ಜಾಗ ಬೇಕೇ ಬೇಕಿತ್ತು.

ಹೊಸ ತೊಟ್ಟಿಯ ನೀರು ಸ್ವಚ್ಛವಾಗಿ ಕಂಡರೂ ಮೀನಿಗೆ ಅಪಾಯ. ಮೀನಿನ ಕಿವಿರು ಮತ್ತು ಗಲೀಜಿನಿಂದ ಅಮೋನಿಯಾ ಬರುತ್ತದೆ. ಕೆಲವು ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ವಿಷ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಅವು ಇರುವುದು ಹೆಚ್ಚಾಗಿ ಫಿಲ್ಟರ್‌ನಲ್ಲಿ, ನೀರಿನಲ್ಲಲ್ಲ. ಅದಕ್ಕೇ ಹಳೆಯ ಫಿಲ್ಟರಿನ ಸ್ಪಾಂಜನ್ನು ತೊಳೆಯದೆ, ಒಣಗಲು ಬಿಡದೆ ಹೊಸ ಫಿಲ್ಟರಿಗೆ ಹಾಕಿದೆ. ಹೆಪ್ಪು ಹಾಕಿದ ಹಾಗೆ ಅಲ್ವಾ? ಅಂಗಡಿಯವರು ಹೊಸ ಸ್ಪಾಂಜ್ ಕೊಟ್ಟರೂ ಹಳೆಯದನ್ನು ದಯವಿಟ್ಟು ಬಿಸಾಡಬೇಡಿ.

ಇನ್ನು ನೀರು. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಮೀನಿನ ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ಔಷಧ) ಹಾಕದೆ ನಾನು ಒಂದು ಚೊಂಬು ನೀರನ್ನೂ ಸುರಿಯುವುದಿಲ್ಲ. ಬೋರ್ ನೀರಾದರೆ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ನೋಡಿಕೊಳ್ಳಿ. ಪಿಎಚ್ ಜಾಸ್ತಿಯಾದಷ್ಟೂ ಅಮೋನಿಯಾದ ವಿಷವೂ ಜಾಸ್ತಿ.

ಕೆಂಪಿಯನ್ನು ಕವರಿನಲ್ಲೇ 20 ನಿಮಿಷ ತೇಲಿಬಿಟ್ಟು, ಹೊಸ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಆಮೇಲೆ ಬಿಟ್ಟೆ. ಈಗ ದಿನಾ ಟೆಸ್ಟ್ ಕಿಟ್‌ನಲ್ಲಿ ನೋಡುತ್ತೇನೆ. ಅಮೋನಿಯಾ ಅಥವಾ ನೈಟ್ರೈಟ್ 0.25 ಪಿಪಿಎಂ (ಲೀಟರಿಗೆ ಸುಮಾರು 0.25 ಮಿಲಿಗ್ರಾಂ) ಮುಟ್ಟಿದರೆ ಕಾಲುಭಾಗ ನೀರು ಬದಲಿಸುತ್ತೇನೆ, ಅದಕ್ಕಿಂತ ಜಾಸ್ತಿ ಇದ್ದರೆ ಅರ್ಧ. ಊಟ ದಿನಕ್ಕೆ ಒಂದೇ ಸಲ, ಅದೂ ಚಿಟಿಕೆ. ಅವಳು ಗಾಜಿಗೆ ಮೂತಿ ಒತ್ತಿ ಕೇಳುತ್ತಾಳೆ. ಪಾಪ ಅನ್ನಿಸುತ್ತದೆ, ಆದರೂ ಸದ್ಯಕ್ಕೆ ಇಷ್ಟೇ. ಬೆಂಗಳೂರಿನ ಹವೆಗೆ ಹೀಟರ್ ಬೇಡ, ಏರ್ ಪಂಪ್ ಮಾತ್ರ ರಾತ್ರಿಯೂ ಓಡಲಿ.