ಡೆಲ್ಫ್ಟ್‌ನಲ್ಲಿ ನಾನು ಈಜಿಪ್ಟ್ ಆಗಿದ್ದೆ

ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆಯಿರಿ ಎಂದಾಗ ಸಂಪಾದಕರ ಮನಸ್ಸಿನಲ್ಲಿ ನಮ್ಮ ಹಾಸ್ಟೆಲ್, ಕ್ಯಾಂಟೀನು ಇದ್ದಿರಬೇಕು. ಅದನ್ನೆಲ್ಲ ನನ್ನ ಬ್ಯಾಚಿನವರು ಬೇಕಾದಷ್ಟು ಬರೆದಾಗಿದೆ. ನಾನು ಇಲ್ಲಿ ಸಿವಿಲ್ ಮುಗಿಸಿ, ಆಮೇಲೆ ಓದಿದ ಇನ್ನೊಂದು ಶಾಲೆಯ ಬಗ್ಗೆ ಹೇಳುತ್ತೇನೆ.

ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ ನೀರಿನ ವಿದ್ಯೆ ಕಲಿಸುವ ಐಎಚ್‌ಇ ಸಂಸ್ಥೆ ಅದು. 1953ರಲ್ಲಿ ಉತ್ತರ ಸಮುದ್ರ ಉಕ್ಕಿ ಆ ದೇಶದಲ್ಲಿ 1,800ಕ್ಕೂ ಹೆಚ್ಚು ಜನ ಸತ್ತಿದ್ದರು. ನೀರನ್ನು ತಡೆಯುವ ಡಚ್ಚರ ವಿದ್ಯೆಯನ್ನು ನಮ್ಮವರಿಗೂ ಕಲಿಸಿ ಎಂದು ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶ, ಕೇಳಿಕೊಂಡಿತು. 1957ರಲ್ಲಿ ಕೋರ್ಸು ಶುರುವಾಯಿತು. ನನ್ನ ತರಗತಿಯಲ್ಲಿ ಇಥಿಯೋಪಿಯಾ, ಸುಡಾನ್, ಈಜಿಪ್ಟ್, ವಿಯೆಟ್ನಾಂ, ಬಾಂಗ್ಲಾದೇಶದವರೆಲ್ಲ ಇದ್ದರು. ಜಾಸ್ತಿ ಜನ ತಮ್ಮ ತಮ್ಮ ದೇಶದ ನೀರಾವರಿ ಇಲಾಖೆಯವರೇ.

ಮರೆಯಲಾಗದ್ದು ನೈಲ್ ಮಾತುಕತೆಯ ಅಭ್ಯಾಸ. ಒಬ್ಬೊಬ್ಬರು ಒಂದೊಂದು ದೇಶದ ಪರವಾಗಿ ನೈಲ್ ನದಿಯ ನೀರಿಗೆ ವಾದಿಸಬೇಕು. ಮೇಷ್ಟ್ರು ದೇಶಗಳನ್ನು ಬೇಕೆಂದೇ ಅದಲುಬದಲು ಮಾಡಿ ಹಂಚಿದರು. ಈಜಿಪ್ಟಿನವನಿಗೆ ಇಥಿಯೋಪಿಯಾ. ಇಥಿಯೋಪಿಯಾದವಳಿಗೆ ಸುಡಾನ್. ನನಗೆ ಈಜಿಪ್ಟ್.

ನಾನು ಕಾವೇರಿಯ ಮೇಲಿನ ಕಡೆಯವನು. ನೀರು ಬಿಡಬೇಕಾದವರ ವಾದವನ್ನೇ ಕೇಳಿ ಬೆಳೆದವನು. ಈಗ ನೀರು ಕೇಳುವ ಕುರ್ಚಿಯಲ್ಲಿ ಕೂತಿದ್ದೆ. ಕೈಗೆ ಈಜಿಪ್ಟ್ ಮತ್ತು ಸುಡಾನ್ ಮಾಡಿಕೊಂಡ 1959ರ ಒಪ್ಪಂದ ಕೊಟ್ಟರು. ಈಜಿಪ್ಟಿನ ಅಸ್ವಾನಿನಲ್ಲಿ ವರ್ಷಕ್ಕೆ 84 ಶತಕೋಟಿ ಘನ ಮೀಟರ್ ನೀರು ಎಂದು ಲೆಕ್ಕ. ಈಜಿಪ್ಟಿಗೆ 55.5, ಸುಡಾನಿಗೆ 18.5, ಉಳಿದ 10 ಆವಿಯಾಗಿ ಹೋಗುವ ಪಾಲು. ನಮ್ಮ ಅಳತೆಗೆ ತಂದರೆ ಈಜಿಪ್ಟಿನ ಪಾಲು ಸುಮಾರು 1,960 ಟಿಎಂಸಿ. ತಮಿಳುನಾಡಿಗೆ ಬಿಡಬೇಕಾದ 177.25 ಟಿಎಂಸಿ ಕಾವೇರಿ ನೀರಿಗೆ ಇಲ್ಲಿ ಎಷ್ಟು ಗಲಾಟೆ ನೋಡಿ! ನೈಲ್ ನೀರಿನ ಸುಮಾರು ಶೇ. 85 ಭಾಗ ಬರುವುದು ಇಥಿಯೋಪಿಯಾದ ಬೆಟ್ಟಗಳಿಂದ. ಒಪ್ಪಂದದಲ್ಲಿ ಆ ದೇಶದ ಹೆಸರಿಗೆ ಒಂದು ಹನಿಯೂ ಇಲ್ಲ.

ಆದರೂ ನಾನು ಜೋರಾಗಿಯೇ ವಾದ ಮಾಡಿದೆ. ನಮ್ಮಲ್ಲಿ ಮಳೆಯೇ ಇಲ್ಲ, ಸಾವಿರಾರು ವರ್ಷದಿಂದ ಈ ನೀರಲ್ಲೇ ಬೆಳೆ ತೆಗೆದಿದ್ದೇವೆ, ಡೆಲ್ಟಾದ ರೈತ ಎಲ್ಲಿಗೆ ಹೋಗಬೇಕು? ಅರ್ಧ ದಾರಿಯಲ್ಲಿ ಹೊಳೆಯಿತು. ಇದು ತಂಜಾವೂರಿನವರ ವಾದ ಅಲ್ವಾ! ಊರಲ್ಲಿ ಯಾರಾದರೂ ಕೇಳಿಸಿಕೊಂಡಿದ್ದರೆ ನನ್ನನ್ನು ಮನೆಗೆ ಸೇರಿಸುತ್ತಿರಲಿಲ್ಲ.

ಎದುರಿಗೆ ಕೂತ ಈಜಿಪ್ಟಿನ ಹುಡುಗ ಇಥಿಯೋಪಿಯಾದ ಕರೆಂಟಿಲ್ಲದ ಹಳ್ಳಿಗಳ ಬಗ್ಗೆ ಅಷ್ಟೇ ಚೆನ್ನಾಗಿ ಮಾತಾಡಿದ. ಕೊನೆಗೆ ಜಗಳ, ನೈಲಿನ ಉಪನದಿ ನೀಲಿ ನೈಲಿಗೆ ಇಥಿಯೋಪಿಯಾ ಹಾಕುವ ಅಣೆಕಟ್ಟು ಬೇಕೋ ಬೇಡವೋ ಎಂಬಲ್ಲಿ ಉಳಿಯಲಿಲ್ಲ. 74 ಶತಕೋಟಿ ಘನ ಮೀಟರಿನ ಜಲಾಶಯ ಅದು. ನೀಲಿ ನೈಲಿನ ಒಂದು ವರ್ಷದ ಪೂರ್ತಿ ಹರಿವಿಗಿಂತ ದೊಡ್ಡದು. ಎಷ್ಟು ವರ್ಷದಲ್ಲಿ ತುಂಬಬೇಕು? ಬರದ ವರ್ಷ ಎಷ್ಟು ಬಿಡಬೇಕು? ಯಾವ ವರ್ಷವನ್ನು ಬರ ಅನ್ನಬೇಕು? ಮೂರನೆಯ ಪ್ರಶ್ನೆಯಲ್ಲಿ ನಾವು ಸಂಜೆಯವರೆಗೂ ಒಮ್ಮತಕ್ಕೆ ಬರಲಿಲ್ಲ. ಕಂಪ್ಯೂಟರ್ ಮಾಡೆಲ್‌ನಲ್ಲಿ ಹುಲಿಯಾಗಿದ್ದವರೆಲ್ಲ ಅಲ್ಲಿ ತೆಪ್ಪಗೆ ಕೂತಿದ್ದರು.

ರೈನ್ ನದಿಯ ಪಾಠವೂ ಇತ್ತು. 1986ರಲ್ಲಿ ಬಾಸೆಲ್ ಹತ್ತಿರ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿದ್ದು ನದಿ ಕೆಂಪಾಯಿತು, ಮೀನುಗಳು ರಾಶಿ ರಾಶಿ ಸತ್ತವು. ಮರುವರ್ಷವೇ ದಂಡೆಯ ದೇಶಗಳು ಸೇರಿ ನದಿ ಶುದ್ಧ ಮಾಡುವ ಕಾರ್ಯಕ್ರಮ ಹಾಕಿದವು. ದುಡ್ಡಿರುವ ದೇಶಗಳ ಕಥೆ ಅದು, ನನಗೆ ಅಷ್ಟು ನಾಟಲಿಲ್ಲ. ನಾಟಿದ್ದು ಫರಕ್ಕಾ, ಬಾಂಗ್ಲಾ ಗಡಿಯ ಹತ್ತಿರ ಗಂಗೆಗೆ ಭಾರತ ಕಟ್ಟಿದ ಬ್ಯಾರೇಜು. ಅಲ್ಲಿನ ನೀರು ಹಂಚಲು ಎರಡೂ ದೇಶ ಮಾಡಿಕೊಂಡ 1996ರ ಗಂಗಾ ಒಪ್ಪಂದದ ಪಟ್ಟಿ ಬಾಂಗ್ಲಾ ಗೆಳೆಯನಿಗೆ ಬಾಯಿಪಾಠ. ಜನವರಿಯಿಂದ ಮೇವರೆಗೆ ಹತ್ತು ಹತ್ತು ದಿನದ ಲೆಕ್ಕ. ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. ಅಳೆಯುವಾಗ ಎರಡೂ ದೇಶದವರು ಅಲ್ಲಿರುತ್ತಾರೆ. ಅಂಕಿಯ ಬಗ್ಗೆಯೇ ಜಗಳವಿದ್ದರೆ ಹಂಚುವ ಮಾತು ಶುರುವಾಗುವುದೇ ಇಲ್ಲ ಎಂದು ಅವನು ಹೇಳುತ್ತಿದ್ದ.

ಇಂಥ ತರಬೇತಿಯಿಂದ ನದಿ ಜಗಳ ಬಗೆಹರಿಯುತ್ತದೆ ಎಂದು ಸುಮ್ನೆ ಹೇಳಲಾರೆ. ಇಥಿಯೋಪಿಯಾದ ಆ ಅಣೆಕಟ್ಟು 2025ರಲ್ಲಿ ಒಪ್ಪಂದವಿಲ್ಲದೆಯೇ ಉದ್ಘಾಟನೆಯಾಯಿತು. ಅದೇ ವರ್ಷ 1960ರ ಸಿಂಧೂ ಒಪ್ಪಂದವನ್ನು ಭಾರತ ತಡೆಹಿಡಿಯಿತು. ಸಹಿ ಹಾಕುವವರು ನಮ್ಮ ತರಗತಿಯಲ್ಲಿ ಕೂತವರಲ್ಲ. ಆದರೆ ಸಹಿಗೆ ಮುಂಚೆ ಅಂಕಿ ಬರೆಯುವವರು ನಮ್ಮಂಥವರೇ. ಗಡಿಯಾಚೆಯ ಅಂಕಿಯಲ್ಲಿ ಅನುಮಾನ ಬಂದರೆ ಫೋನ್ ಮಾಡಲು ಅಲ್ಲೊಬ್ಬ ಗೆಳೆಯ ಇರುವುದು ಸಣ್ಣ ವಿಷಯವಲ್ಲ.

ನಮ್ಮ ಕಾಲೇಜಿನಲ್ಲೂ ಈ ಅಭ್ಯಾಸ ಮಾಡಬಹುದು, ದೊಡ್ಡ ಖರ್ಚೇನಿಲ್ಲ. ಕಾವೇರಿಯನ್ನೇ ತೆಗೆದುಕೊಳ್ಳಿ. ಮಂಡ್ಯದ ಹುಡುಗನಿಗೆ ತಂಜಾವೂರು ಕೊಡಿ. ವಾದ ಮುಗಿಯುವವರೆಗೂ ಊಟಕ್ಕೆ ಬಿಡಬೇಡಿ.