ಇ. ಕೋಲಿಯ ಪುಟ್ಟ ಪೆಪ್ಟೈಡ್‌ಗಳ ಹುಡುಕಾಟ: ಟ್ರಿಪ್ಟೋಫಾನ್ ಕೊನೆಗೂ ಸಿಕ್ಕಿತು

ಹೋದ ಸಲ ಬರೆಯುವಾಗ ಇ. ಕೋಲಿ ಬ್ಯಾಕ್ಟೀರಿಯಾದ ಕೆ-12 ತಳಿಯ ಜೀನೋಮ್ (ಅದರ ಪೂರ್ತಿ ಡಿಎನ್‌ಎ ಬರಹ) ಇಳಿಸಿಕೊಂಡಿದ್ದೆ ಅಷ್ಟೆ. ಸುಮಾರು 46 ಲಕ್ಷ ಅಕ್ಷರ. ಅದರಲ್ಲಿ ನಾನು ಹುಡುಕುತ್ತಿರುವುದು ತೀರಾ ಪುಟ್ಟ ಪೆಪ್ಟೈಡ್‌ಗಳನ್ನು, ಅಂದರೆ ಪ್ರೋಟೀನ್‌ನ ಬಿಡಿ ಮಣಿಗಳಾದ ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳನ್ನು. ಅಮೈನೋ ಆಮ್ಲ ತಯಾರಿಸುವ ಕೆಲವು ಜೀನ್ ಸಾಲುಗಳ ಮುಂದೆ, ಹೊಸ್ತಿಲಿನ ಹಾಗೆ, ಇವು ಇರುತ್ತವೆ. ಒಳಗೆ ಯಾವ ಆಮ್ಲ ತಯಾರಾಗುತ್ತದೋ ಅದೇ ಆಮ್ಲ ಹೊಸ್ತಿಲಲ್ಲಿ ಒತ್ತೊತ್ತಾಗಿ ಕಾಣುತ್ತದೆ.

ಶನಿವಾರ ರಾತ್ರಿ ಮೊದಲ ಸಲ ಓಡಿಸಿದೆ. ಪೈಥಾನ್‌ಗೆ ಕೊಟ್ಟ ನಿಯಮ ಇಷ್ಟು: ಪೆಪ್ಟೈಡ್ 35 ಆಮ್ಲಕ್ಕಿಂತ ಚಿಕ್ಕದಿರಬೇಕು, ಒಂದೇ ಆಮ್ಲ ಸತತ ಮೂರು ಸಲ ಬರಬೇಕು. ಉದ್ದದ ಪಟ್ಟಿ ಬಂತು, ಬಹುಪಾಲು ಜೊಳ್ಳು. ಪಕ್ಕದ ಜೀನ್ ಯಾವುದು ಅಂತ ನೋಡಿ ಸೋಸಿದೆ. ಜೀನೋಮ್‌ನ 190ನೇ ಅಕ್ಷರದಲ್ಲೇ ಥ್ರಿಯೋನಿನ್ ಎಂಬ ಆಮ್ಲದ ಹೊಸ್ತಿಲು! 21 ಆಮ್ಲಗಳಲ್ಲಿ 8 ಥ್ರಿಯೋನಿನ್, 4 ಐಸೋಲ್ಯೂಸಿನ್. ಫೀನೈಲ್‌ಅಲನಿನ್‌ನದರಲ್ಲಿ 15ಕ್ಕೆ 7. ಹಿಸ್ಟಿಡಿನ್‌ನದರಲ್ಲಿ 16ಕ್ಕೆ 7, ಅದೂ ಒಂದರ ಹಿಂದೊಂದು. ಆ ಸಾಲು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಲ್ಯೂಸಿನ್, ಟ್ರಿಪ್ಟೋಫಾನ್ ಮಾತ್ರ ಪತ್ತೆ ಇಲ್ಲ.

ಕಾರಣ ಭಾನುವಾರ ಬೆಳಿಗ್ಗೆ ಗೊತ್ತಾಯಿತು. ಡಿಎನ್‌ಎಗೆ ಎರಡು ಎಳೆ ಅಲ್ವಾ, ನಾನು ಒಂದನ್ನೇ ಓದಿಸಿದ್ದೆ. ಎದುರು ಎಳೆಯನ್ನೂ ಸೇರಿಸಿದೆ. ಸಾಲಾಗಿ ನಾಲ್ಕು ಲ್ಯೂಸಿನ್ ಇರುವುದು ಸಿಕ್ಕಿತು. ಟ್ರಿಪ್ಟೋಫಾನ್ ಆಗಲೂ ಇಲ್ಲ. ಆ ಜಾಗವನ್ನು ಕಣ್ಣಿಂದಲೇ ಓದಿ ನೋಡಿದೆ. ಪೆಪ್ಟೈಡ್ ಬರೀ 14 ಆಮ್ಲ, ಟ್ರಿಪ್ಟೋಫಾನ್ ಇರುವುದು 10 ಮತ್ತು 11ರಲ್ಲಿ ಮಾತ್ರ. ಮೂರು ಬೇಕು ಎಂಬ ನನ್ನ ನಿಯಮವೇ ಅದನ್ನು ಹೊರಗೆ ಹಾಕಿತ್ತು. ಪ್ರೋಟೀನ್‌ಗಳಲ್ಲಿ ಟ್ರಿಪ್ಟೋಫಾನ್ ಬರುವುದೇ ಅಪರೂಪ. ಅಂಥದ್ದು ಜೊತೆಯಾಗಿ ಎರಡು ಬಂದರೆ ಅದೇ ದೊಡ್ಡ ಸುಳಿವು. ಅದೊಂದಕ್ಕೆ ನಿಯಮವನ್ನು ಎರಡಕ್ಕೆ ಇಳಿಸಿದೆ.

ಮಧ್ಯಾಹ್ನ ಪೂರ್ತಿ ಕಾಗದದ ಕೆಲಸ. ಟ್ರಿಪ್ಟೋಫಾನ್ ಸಾಲಿನ ಮೊದಲ ಜೀನ್ ಶುರುವಾಗುವ ಮುಂಚೆ 162 ಅಕ್ಷರದ ಆರ್‌ಎನ್‌ಎ (ಡಿಎನ್‌ಎಯ ನಕಲು) ಇದೆ. ಅದನ್ನು ಉದ್ದ ಪಟ್ಟಿಯ ಮೇಲೆ ಬರೆದು, ಒಂದಕ್ಕೊಂದು ಅಂಟಿಕೊಳ್ಳಬಲ್ಲ ನಾಲ್ಕು ಭಾಗಗಳಿಗೆ ಬಣ್ಣ ಹಚ್ಚಿದೆ. ಬಟ್ಟೆ ಕ್ಲಿಪ್ಪೇ ರೈಬೋಸೋಮ್, ಅಂದರೆ ಆರ್‌ಎನ್‌ಎ ಓದಿ ಪೆಪ್ಟೈಡ್ ಕಟ್ಟುವ ಯಂತ್ರ. ಟ್ರಿಪ್ಟೋಫಾನ್ ಸಾಲದಿದ್ದರೆ ಕ್ಲಿಪ್ ಅದರ ಆ ಎರಡು ಕೋಡಾನ್ (ಒಂದು ಆಮ್ಲವನ್ನು ಸೂಚಿಸುವ ಮೂರಕ್ಷರ) ಮೇಲೆ ನಿಂತುಬಿಡುತ್ತದೆ. ಒಂದನೇ ಭಾಗ ಅದರಡಿ ಮುಚ್ಚಿಹೋಗುತ್ತದೆ. ಎರಡನೆಯದು ಮೂರನೆಯದನ್ನು ಹಿಡಿದುಕೊಳ್ಳುತ್ತದೆ, ಮುಂದಿನ ಜೀನ್‌ಗಳ ನಕಲು ಸಾಗುತ್ತದೆ. ಟ್ರಿಪ್ಟೋಫಾನ್ ಜಾಸ್ತಿ ಇದ್ದರೆ ಕ್ಲಿಪ್ ಪೆಪ್ಟೈಡ್‌ನ ಕೊನೆಯವರೆಗೂ ಸರಿದು ಎರಡನೇ ಭಾಗಕ್ಕೆ ಅಡ್ಡ ನಿಲ್ಲುತ್ತದೆ. ಆಗ ಮೂರೂ ನಾಲ್ಕೂ ಸೇರಿ ಗಟ್ಟಿ ಮಡಿಕೆಯಾಗುತ್ತವೆ. ಅದರ ಬೆನ್ನಿಗೇ ಎಂಟು ಯು ಅಕ್ಷರಗಳು. ನಕಲು ಅಲ್ಲೇ ನಿಲ್ಲುತ್ತದೆ.

ಎಷ್ಟೋ ಸಲ ಓದಿದ್ದೆ. ಕೈಯಲ್ಲಿ ಮಡಚಿದಾಗಲೇ ನನಗೆ ಅರ್ಥವಾಗಿದ್ದು. ಬ್ಯಾಕ್ಟೀರಿಯಾ ಬರೀ ಟ್ರಿಪ್ಟೋಫಾನ್ ಇದೆಯಾ ಅಂತ ನೋಡುತ್ತಿಲ್ಲ, ಅದನ್ನು ಬಳಸಿ ಒಂದು ಪೆಪ್ಟೈಡ್ ಕಟ್ಟೋಕೆ ಆಗುತ್ತದಾ ಅಂತ ಪ್ರಯತ್ನ ಮಾಡಿಯೇ ನೋಡುತ್ತಿದೆ.

ಈ ಸಾಲಿಗೆ ತಡೆ ಹಾಕುವ ಪ್ರೋಟೀನ್ ಬೇರೆಯೇ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಚಾರ್ಲ್ಸ್ ಯಾನೋಫ್‌ಸ್ಕಿ ಅವರ ಗುಂಪು 1970ರ ದಶಕದಲ್ಲಿ ಮೊದಲ ಜೀನ್‌ಗೆ ಮುಂಚಿನ ಡಿಎನ್‌ಎ ಕಳೆದುಕೊಂಡ ತಳಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಜೀನ್‌ಗಳ ಕೆಲಸ ಇನ್ನೂ ಹೆಚ್ಚಾಗಿತ್ತು. ಆ ಪ್ರೋಟೀನ್ ಅಲ್ಲದೆ ಇಲ್ಲಿ ಎರಡನೇ ತಡೆಯೂ (ನಾನು ಮಡಚಿದ್ದು ಇದನ್ನೇ) ಇದೆ ಎಂಬ ಸುಳಿವು ಸಿಕ್ಕಿದ್ದು ಹಾಗೆ.

ಮುಂದಿನ ವಾರ ಬ್ಯಾಸಿಲಸ್ ಸಬ್ಟಿಲಿಸ್. ಅಲ್ಲಿ ಟ್ರಿಪ್ಟೋಫಾನ್ ಸಾಲಿಗೆ ಈ ಪೆಪ್ಟೈಡ್ ತಂತ್ರ ಇಲ್ಲ. ಟ್ರ್ಯಾಪ್ ಎಂಬ, 11 ತುಂಡುಗಳ ಉಂಗುರದಂಥ ಪ್ರೋಟೀನ್ ಆರ್‌ಎನ್‌ಎಯನ್ನು ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಹೊಸ ಪ್ರೋಗ್ರಾಮ್ ಬರೆಯಬೇಕು. ಜಿಎಜಿ, ಯುಎಜಿ ಎಂಬ ಮೂರಕ್ಷರಗಳು ಹತ್ತಿರ ಹತ್ತಿರ 11 ಸಲ ಬರುವ ಜಾಗ ಹುಡುಕಬೇಕು.