ಡಾರ್ಕ್ ಸೈಡ್ ಮುಗಿದ ಮೇಲಿನ ಎರಡು ನಿಮಿಷ

ಜೋರು ಮಳೆಯ ಆಟಿ ತಿಂಗಳ ನಡುವೆ ಒಂದು ದಿನ ಇದ್ದಕ್ಕಿದ್ದಂತೆ ಬಿಸಿಲು ಬಂತು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಬಿರಿಯುತ್ತದೆ ಅಂತ ನಮ್ಮ ಕಡೆ ಒಂದು ಮಾತುಂಟು. ಅಮ್ಮ ಬೆಳಗ್ಗೆಯೇ ಹಾಸಿಗೆ, ಚಾಪೆ, ಹಪ್ಪಳದ ಡಬ್ಬ ಎಲ್ಲ ಅಂಗಳಕ್ಕೆ ತಂದು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಆ ಕ್ಯಾಸೆಟ್ಟಿನ ಪೆಟ್ಟಿಗೆಯನ್ನೂ ಒಮ್ಮೆ ಬಿಚ್ಚಿ ನೋಡು ಮಾರಾಯ. ಅಟ್ಟ ಹತ್ತಿದರೆ ಮುಗ್ಗಲು ವಾಸನೆ" ಎಂದರು.

ಬಿಚ್ಚಿ ನೋಡಿದೆ. ಎದೆ ಧಸಕ್ಕೆಂದಿತು. ಸುಮಾರು ನೂರು ಕ್ಯಾಸೆಟ್. ಮುಕ್ಕಾಲು ಪಾಲಿಗೆ ಬೂಸ್ಟು ಹಿಡಿದಿತ್ತು. ಟೇಪಿನ ಸುರುಳಿಯ ಅಂಚಿನಲ್ಲಿ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಹಾಗೇ ಪ್ಲೇಯರಿಗೆ ಹಾಕಿದರೆ ಟೇಪು ಅಂಟಿಕೊಂಡು ಹರಿಯುತ್ತದೆ, ಹೆಡ್ ಕೂಡ ಹಾಳಾಗುತ್ತದೆ. ಒಂದೊಂದನ್ನೇ ಸ್ಕ್ರೂ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಾಕಿ, ಟೇಪನ್ನು ನಿಧಾನಕ್ಕೆ ಎಳೆಯುತ್ತಾ ಒರೆಸಬೇಕು. ಒಂದಕ್ಕೆ ಮುಕ್ಕಾಲು ಗಂಟೆ. ಬಿಸಿಲು ಇರುವುದು ಹೆಚ್ಚೆಂದರೆ ಸಂಜೆ ನಾಲ್ಕರ ತನಕ. ನೂರರಲ್ಲಿ ಏಳೆಂಟನ್ನು ಉಳಿಸಬಹುದು, ಅಷ್ಟೇ.

ಮಗಳು ಜಗಲಿಯಲ್ಲಿ ಕೂತು ಫೋನ್ ನೋಡುತ್ತಿದ್ದಳು. "ಅಪ್ಪಾ, ನಿಂಗೆ ಎಲ್ಲಕ್ಕಿಂತ ಇಷ್ಟದ ರಾಕ್ ಆಲ್ಬಂ ಯಾವುದು? ಅದರಿಂದ ಶುರು ಮಾಡು" ಎಂದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರವೊಂದಿದೆ. ಬೆಂಗಳೂರಿನಲ್ಲಿ ಗೆಳೆಯರ ಜೊತೆ ಕೂತಾಗ ಹೇಳುವಂಥದ್ದು. ಅದರಲ್ಲಿ ಬೀಟಲ್ಸ್‌ನ 1966ರ ರಿವಾಲ್ವರ್ ಮೊದಲು ಬರುತ್ತದೆ. ಅನಿಲ್ ಭಾಗವತ್ ಅನ್ನುವವರು ಅದರಲ್ಲಿ ತಬಲಾ ನುಡಿಸಿದ್ದಾರೆ ಅಂತ ಹೇಳಿ ಸ್ವಲ್ಪ ದೊಡ್ಡ ಜನ ಆಗುತ್ತೇನೆ. ನಿಜ ಹೇಳಬೇಕೆಂದರೆ ರಿವಾಲ್ವರ್ ಕೇಳಿದ್ದು ಮೂವತ್ತು ದಾಟಿದ ಮೇಲೆ. ಒಳ್ಳೆಯ ಆಲ್ಬಂ, ಎರಡು ಮಾತಿಲ್ಲ. ಆದರೆ ಆ ದಿನ ಸ್ಕ್ರೂಡ್ರೈವರ್ ಹಿಡಿದ ಕೈ ಹುಡುಕಿದ್ದು ಅದನ್ನಲ್ಲ.

ಈ ಕ್ಯಾಸೆಟ್‌ಗಳು ನಮ್ಮ ಮನೆಗೆ ಬಂದ ದಾರಿ ಹೇಳಬೇಕು. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವಿನ ಮನೆ ನಮ್ಮದು. ತೋಟದ ಆಚೆ ಬದಿಯ ಮನೆಯವರೊಬ್ಬರು ದುಬೈಯ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಾವು ಅವರನ್ನು ಇಚ್ಚ ಎಂದೇ ಕರೆಯುತ್ತಿದ್ದೆವು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಸೆಂಟು, ಟಾರ್ಚು, ಸೋಪಿನ ಜೊತೆಗೆ ಡಬ್ಬ ಒಡೆದ, ಮಾರಾಟವಾಗದ ಕ್ಯಾಸೆಟ್‌ಗಳನ್ನೂ ತರುತ್ತಿದ್ದರು. ಮಾಪಿಳ್ಳೆ ಪಾಟು, ಅಂದರೆ ಕೇರಳದ ಮುಸ್ಲಿಮರ ಹಾಡುಗಳು, ಅವರಿಗೆ. ಇಂಗ್ಲಿಷಿನದ್ದೆಲ್ಲ ನನಗೆ. ಹಾಗೆ ಬಂದ ರಾಶಿಯಲ್ಲಿ ಅವರು ಬಿಟ್ಟುಕೊಡದೆ ಇಟ್ಟುಕೊಂಡದ್ದು ಒಂದೇ: ಡೈರ್ ಸ್ಟ್ರೇಟ್ಸ್‌ನ ಬ್ರದರ್ಸ್ ಇನ್ ಆರ್ಮ್ಸ್, 1985ರದ್ದು. ನೀಲಿ ಆಕಾಶದಲ್ಲಿ ಲೋಹದ ಗಿಟಾರ್ ಇರುವ ಕವರ್. "ಇದನ್ನು ಕೇಳಿದರೆ ನಿದ್ದೆ ಬರ್ತದೆ" ಅನ್ನುತ್ತಿದ್ದರು. ಹೊಗಳಿಕೆಯೇ ಅದು. ಹದಿನಾಲ್ಕು ಗಂಟೆ ಕೆಲಸ ಮಾಡುವವರಿಗೆ ನಿದ್ದೆ ಬರಿಸುವ ಹಾಡು ಸಣ್ಣದಲ್ಲ.

ನಾನು ಕನ್ನಡ ಮೀಡಿಯಮ್ಮಿನವನು. ಇಂಗ್ಲಿಷ್ ಹಾಡಿನ ಒಂದು ಸಾಲೂ ನೆಟ್ಟಗೆ ಅರ್ಥವಾಗುತ್ತಿರಲಿಲ್ಲ. ಅದೇನೂ ದೊಡ್ಡ ತೊಂದರೆ ಅನ್ನಿಸಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಊರು ನಮ್ಮದು. ಬಸ್ಸಿನ ಬೋರ್ಡು ಮಲಯಾಳ, ಶಾಲೆ ಕನ್ನಡ, ಗದ್ದೆಯಲ್ಲಿ ತುಳು, ಮನೆಯೊಳಗೆ ಇನ್ನೊಂದು ಬಗೆಯ ಕನ್ನಡ. ಅರ್ಧಂಬರ್ಧ ಅರ್ಥವಾಗುವ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಅದರ ಜೊತೆ ಇದೂ ಒಂದು.

ಮೊದಲು ತೆಗೆದದ್ದು ಲೆಡ್ ಝೆಪ್ಲಿನ್‌ನ ನಾಲ್ಕನೆಯ ಆಲ್ಬಂ. 1971ರದ್ದು. ಇದಕ್ಕೆ ಹೆಸರೇ ಇಲ್ಲ. ಕವರಿನ ಮೇಲೆ ಬ್ಯಾಂಡಿನ ಹೆಸರೂ ಇಲ್ಲ. ಬೆನ್ನ ಮೇಲೆ ಕಟ್ಟಿಗೆ ಹೊರೆ ಹೊತ್ತು ಬಾಗಿದ ಒಬ್ಬ ಮುದುಕನ ಚಿತ್ರ, ಅಷ್ಟೇ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ "ಕಟ್ಟಿಗೆ ಅಜ್ಜ" ಅಂತಲೇ ಹೆಸರು. ನಮ್ಮ ಗುಡ್ಡೆಯಿಂದ ಇಳಿದು ಬರುವವರ ಹಾಗೆಯೇ ಇದ್ದ. ಆ ಮೂಲ ಫೋಟೋ ಸಿಕ್ಕಿದ್ದು 2023ರಲ್ಲಿ. ಆತ ಇಂಗ್ಲೆಂಡಿನ ವಿಲ್ಟ್‌ಶೈರ್ ಕಡೆಯವನು, ಹುಲ್ಲಿನ ಮಾಡು ಹೊದೆಸುವ ಕೆಲಸದವನು ಅಂತ ಓದಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ನಮ್ಮ ಹಳೆ ಹಟ್ಟಿಗೆ ಮುಳಿ ಹುಲ್ಲು ಹೊದೆಸಲು ಬರುತ್ತಿದ್ದವರ ನೆನಪಾಯಿತು.

ಎಲ್ಲರೂ ಈ ಆಲ್ಬಂನಲ್ಲಿ ಸ್ಟೇರ್‌ವೇ ಟು ಹೆವನ್ ಬಗ್ಗೆ ಮಾತಾಡುತ್ತಾರೆ. ನನಗೆ ಕೊನೆಯ ಹಾಡೇ ಹೆಚ್ಚು, ವೆನ್ ದ ಲೆವೀ ಬ್ರೇಕ್ಸ್. ಅದರ ಡ್ರಮ್ಮು! ಹೆಡ್ಲಿ ಗ್ರೇಂಜ್ ಅನ್ನುವ ಹಳೆ ಮನೆಯಲ್ಲಿ, ಮೆಟ್ಟಿಲಿನ ಬುಡದಲ್ಲಿ ಜಾನ್ ಬಾನಮ್ ಕೂತು ಬಾರಿಸಿದ್ದು. ಮೈಕನ್ನು ಮೇಲಿನ ಮೆಟ್ಟಿಲಿನ ಕಡೆಯಿಂದ ಇಳಿಬಿಟ್ಟಿದ್ದರು. ಮನೆಯ ಗೋಡೆಗಳೇ ಆ ಶಬ್ದವನ್ನು ದೊಡ್ಡದು ಮಾಡಿವೆ. ಚಾವಡಿಯಲ್ಲಿ ಚೆಂಡೆ ಬಾರಿಸುವಾಗ ಅಟ್ಟದಲ್ಲಿ ಮಲಗಿ ಕೇಳಿದವರಿಗೆ ಈ ಶಬ್ದವನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಡೀಪ್ ಪರ್ಪಲ್‌ನ ಮೆಷಿನ್ ಹೆಡ್, 1972. 1971ರ ಡಿಸೆಂಬರಿನಲ್ಲಿ ರೆಕಾರ್ಡಿಂಗಿಗೆಂದು ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ಹೋದವರು ಇವರು. ಅಲ್ಲಿನ ಕ್ಯಾಸಿನೊದಲ್ಲಿ ಫ್ರಾಂಕ್ ಝಪ್ಪಾ ಕಾರ್ಯಕ್ರಮ ನಡೆಯುವಾಗ ಯಾರೋ ಫ್ಲೇರ್ ಗನ್ ಹಾರಿಸಿ ಕಟ್ಟಡವೇ ಸುಟ್ಟುಹೋಯಿತು. ಸರೋವರದ ಮೇಲೆ ಹರಡಿದ ಹೊಗೆಯೇ ಸ್ಮೋಕ್ ಆನ್ ದ ವಾಟರ್ ಆಯಿತು. ಆಮೇಲೆ ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲ್ಲಿನ ಕಾರಿಡಾರಿನಲ್ಲಿ ರೆಕಾರ್ಡಿಂಗ್ ಮುಗಿಸಿದರು. ಕಥೆ ಚಂದ, ಆದರೆ ಆ ಹಾಡಿನ ಗಿಟಾರ್ ತುಣುಕನ್ನು ಗಿಟಾರ್ ಕೊಂಡ ಪ್ರತಿಯೊಬ್ಬ ಹುಡುಗನೂ ಮೊದಲ ವಾರವೇ ಬಾರಿಸಿ ಬಾರಿಸಿ ನನಗೆ ಸಾಕು ಮಾಡಿಬಿಟ್ಟಿದ್ದಾರೆ. ಈಗ ಹೈವೇ ಸ್ಟಾರ್ ಮಾತ್ರ ಕೇಳುತ್ತೇನೆ. ಅರ್ಧ ಒರೆಸಿ ಬದಿಗಿಟ್ಟೆ. ನಿರ್ವಾಣ ಬ್ಯಾಂಡಿನ ನೆವರ್‌ಮೈಂಡ್ ಕೈಗೆ ಬಂತು, ಅದನ್ನು ತೆರೆಯಲೂ ಇಲ್ಲ. ಹದಿನೇಳರಲ್ಲಿ ಸಿಟ್ಟು ಬಂದಾಗ ಬೇಕಾಗುತ್ತಿತ್ತು. ಈಗ ಸಿಟ್ಟು ಬಂದರೆ ತೋಟಕ್ಕೆ ಹೋಗುತ್ತೇನೆ.

ನಾನು ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಪೆಟ್ಟಿಗೆಯ ತಳದಲ್ಲಿತ್ತು. ಸಿ-90, ಅಂದರೆ ಒಂದು ಬದಿಗೆ 45 ನಿಮಿಷದ್ದು. ಲೇಬಲ್ಲಿನ ಮೇಲೆ ಅಪ್ಪನ ಅಕ್ಷರದಲ್ಲಿ "ಕರ್ಣಪರ್ವ, ಚಾವಡಿ" ಅಂತ ಬರೆದಿದೆ. ಅದನ್ನು ಹೊಡೆದು ಹಾಕಿ ಕೆಳಗೆ ನನ್ನ ಅಕ್ಷರದಲ್ಲಿ "ಪಿಂಕ್ ಫ್ಲಾಯ್ಡ್".

ಇದು ನಾನು ಮಾಡಿದ ಪಾಪ. 1992. ಪ್ರಿ-ಡಿಗ್ರಿ ಓದುತ್ತಿದ್ದೆ. ಇಚ್ಚ ಊರಿಗೆ ಬಂದಿದ್ದರು, ಅವರ ಹತ್ತಿರ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ದ ಡಾರ್ಕ್ ಸೈಡ್ ಆಫ್ ದ ಮೂನ್ ಆಲ್ಬಂ ಇತ್ತು. ಅದು ಯಾರಿಗೋ ಕೊಡಬೇಕಾದದ್ದು, ಒಂದು ರಾತ್ರಿಗೆ ಮಾತ್ರ ನನಗೆ. ಅವರ ಮನೆಯ ಡಬಲ್ ಕ್ಯಾಸೆಟ್ ಸೆಟ್‌ನಲ್ಲಿ ಕಾಪಿ ಮಾಡಿಕೊಳ್ಳಬಹುದಿತ್ತು. ಆದರೆ ಖಾಲಿ ಕ್ಯಾಸೆಟ್ಟಿಗೆ ದುಡ್ಡಿಲ್ಲ, ದುಡ್ಡಿದ್ದರೂ ರಾತ್ರಿ ಅಂಗಡಿಯಿಲ್ಲ. ಅಪ್ಪನ ಟ್ರಂಕಿನಲ್ಲಿ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತೇ ನಡೆಸುವ ಯಕ್ಷಗಾನದ, ಕ್ಯಾಸೆಟ್ಟು ಬೇಕಾದಷ್ಟು. ಕರ್ಣಪರ್ವವೇ ನಾಲ್ಕೈದು ಇದ್ದವು. ಮಂಗಳೂರು ಆಕಾಶವಾಣಿಯಲ್ಲೂ ಯಕ್ಷಗಾನ ಬರುತ್ತದೆ, ಒಂದು ಹೋದರೆ ಏನಾಯಿತು ಅಂದುಕೊಂಡೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಸಣ್ಣ ಪ್ಲಾಸ್ಟಿಕ್ ಕಿವಿ ಇರುತ್ತದಲ್ಲ, ಅದನ್ನು ಮುರಿದಿಟ್ಟರೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಅಪ್ಪ ಅದನ್ನು ಮುರಿದಿರಲಿಲ್ಲ.

ಆ ಚಾವಡಿ ನಮ್ಮದೇ ಮನೆಯ ಚಾವಡಿ. ಮದ್ದಳೆ ನುಡಿಸಿದ್ದು ನನ್ನ ಅಜ್ಜ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಕೈಯ ಶಬ್ದ ಬೇರೆ ಎಲ್ಲೂ ಇರಲಿಲ್ಲ. ಇನ್ನೂ ಹೊಟ್ಟೆ ಉರಿಯುವ ವಿಷಯವೆಂದರೆ, ತಾಳಮದ್ದಳೆ ನಡೆದ ಆ ರಾತ್ರಿ ಅರ್ಧಕ್ಕೇ ಬ್ಯಾಟರಿ ಮುಗಿದು, ಟೇಪಿನ ಬಿ ಬದಿ ಖಾಲಿಯೇ ಉಳಿದಿತ್ತು. ನಾನು ತಿರುಗಿಸಿ ಹಾಕಿದ್ದರೆ ಸಾಕಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ವಾರ ಸುಮ್ನೆ ಇದ್ದರು. ಆಮೇಲೆ ಒಂದು ಸಂಜೆ ನನ್ನ ಪಿಂಕ್ ಫ್ಲಾಯ್ಡನ್ನು ಹಾಕಿ ಮುಂದೆ ಕೂತರು. ಆ ಆಲ್ಬಂ ಇರುವುದು ಸುಮಾರು 43 ನಿಮಿಷ. ಟೇಪು 45. ಕೊನೆಯಲ್ಲಿ ನನ್ನ ಕೈಗೆ ಸಿಗದೆ ಉಳಿದದ್ದು ಎರಡು ನಿಮಿಷ. ಅದರಲ್ಲಿ ಅಜ್ಜ ಇದ್ದರು.

ಅಪ್ಪನಿಗೆ ಫಾಸ್ಟ್ ಫಾರ್ವರ್ಡ್ ಮಾಡಲು ಇಷ್ಟವಿರಲಿಲ್ಲ, ಟೇಪು ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವ ಹೆದರಿಕೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಲ, ತನ್ನ ಅಪ್ಪನ ಎರಡು ನಿಮಿಷಕ್ಕಾಗಿ ಪಿಂಕ್ ಫ್ಲಾಯ್ಡನ್ನು ಪೂರ್ತಿ ಕೇಳುತ್ತಿದ್ದರು. ಮೊದಮೊದಲು ಬಸ್ಸಿಗೆ ಕಾದ ಹಾಗೆ ಕಾಯುತ್ತಿದ್ದರು. ಆಮೇಲೆ ಕೇಳತೊಡಗಿದರು. ಮಾತಿಲ್ಲದೆ ಒಬ್ಬ ಹೆಂಗಸು ಹಾಡುತ್ತಾಳಲ್ಲ, ಕ್ಲೇರ್ ಟೋರಿ, ಅಲ್ಲಿ ಕಣ್ಣು ಮುಚ್ಚುತ್ತಿದ್ದರು. ಆಕೆಗೆ ಅವತ್ತು ಕೊಟ್ಟದ್ದು 30 ಪೌಂಡ್. ಮುಂದೆ ಆಕೆ ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿಯಾಗಿ, ಆ ಹಾಡಿನ ರಚನೆಯಲ್ಲಿ ಹೆಸರು ಪಡೆದರು. ಇದನ್ನು ಹೇಳಿದಾಗ ಅಪ್ಪ, "ಮತ್ತೆ? ಹಾಡಿದ್ದು ಅವಳಲ್ವಾ?" ಎಂದಷ್ಟೇ ಹೇಳಿದರು.

ಆಕೆಯ ಹಾಡು ಮುಗಿದ ಮೇಲೆ ನನ್ನ ಕಾಪಿಯಲ್ಲಿ ಎಂಟು ಸೆಕೆಂಡು ಖಾಲಿ, ಒಂದು "ಟಕ್". ಇಚ್ಚನ ಕ್ಯಾಸೆಟ್ಟನ್ನು ನಾನು ತಿರುಗಿಸಿ ಹಾಕಿದ ಜಾಗ. ಈಗಲೂ ಎಲ್ಲಿಯಾದರೂ ಆ ಆಲ್ಬಂ ಕೇಳಿದರೆ ಅಲ್ಲಿ ಟಕ್ ಬರಲಿಲ್ಲವಲ್ಲ ಅನ್ನಿಸುತ್ತದೆ. ಆಮೇಲೆ ಮನಿ ಅನ್ನುವ ಹಾಡು ಶುರು. ನಾಣ್ಯ, ಕ್ಯಾಶ್ ಮೆಷಿನ್ನಿನ ಶಬ್ದ ಸುತ್ತಿ ಸುತ್ತಿ ಬರುತ್ತದೆ. ಒಂದು ದಿನ ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತಾ ನನ್ನನ್ನು ಕರೆದರು.

"ಇದು ತ್ರಿವುಡೆ. ಏಳಕ್ಷರ. ಎಣಿಸಿ ನೋಡು."

ಎಣಿಸಿದೆ. ಏಳೇ. ರಾಕ್ ಹಾಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಇರುತ್ತದೆ. ಅಲ್ಲಿಯ ತನಕ ಈ ಹಾಡು ಯಾಕೆ ಸ್ವಲ್ಪ ಕುಂಟಿದ ಹಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ನೂರು ಸಲ ಕೇಳಿದವನು ನಾನು! ಸ್ಯಾಕ್ಸೋಫೋನ್ ಮುಗಿಯುವ ತನಕ ಅಪ್ಪನ ಕೈ ಏಳರಲ್ಲೇ ಹೋಯಿತು. ಗಿಟಾರ್ ಬಂದಾಗ ತಪ್ಪಿತು. ಮುಖ ಸಿಂಡರಿಸಿದರು. "ಇಲ್ಲಿ ಏಕತಾಳಕ್ಕೆ ಹಾರಿದ್ದು ಯಾಕೆ? ಭಾಗವತರಿಗೆ ಸುಸ್ತಾಯಿತಾ?" ಎಂದು ಕೇಳಿದರು. ಗಿಟಾರ್ ಸೋಲೋ ನಿಜಕ್ಕೂ ನಾಲ್ಕರಲ್ಲಿದೆ. ನನಗೆ ಅದನ್ನು ಹೇಳಿಕೊಟ್ಟ ರಾಕ್ ಪುಸ್ತಕ ಯಾವುದೂ ಇಲ್ಲ, ಹೇಳಿದ್ದು ಅಪ್ಪ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಕ್ಯಾಸೆಟ್ಟು ಅಟ್ಟಕ್ಕೆ ಹೋದದ್ದು ಆಮೇಲೆ.

ಅದರ ಸ್ಕ್ರೂ ತುಕ್ಕು ಹಿಡಿದು ತಿರುಗಲೇ ಇಲ್ಲ. ಚಿಪ್ಪು ಒಡೆಯಬೇಕು, ಒಳಗಿನ ಟೇಪನ್ನು ಬೇರೆ ಚಿಪ್ಪಿಗೆ ಹಾಕಬೇಕು. ಸರಿಯಾಗಿದ್ದ ಚಿಪ್ಪು ಅಮ್ಮನ ಭಜನೆ ಕ್ಯಾಸೆಟ್ಟಿನದ್ದು ಮಾತ್ರ. ಈ ಸಲ ಕೇಳಿಯೇ ತೆಗೆದೆ. "ಕೊಂಡುಹೋಗು, ನನಗೆ ಬಾಯಿಪಾಠ ಬರ್ತದೆ" ಎಂದರು ಅಮ್ಮ.

ಟೇಪು ಬಿಚ್ಚುತ್ತಾ ಹೋದೆ. ಸುರುಳಿಯ ಹೊರಗಿನ ಸುತ್ತುಗಳಿಗೇ ಬೂಸ್ಟು ಜಾಸ್ತಿ. ಕೆಲವು ಕಡೆ ಒರೆಸುವಾಗ ಕಂದು ಬಣ್ಣವೇ ಹತ್ತಿಗೆ ಬಂತು. ಎರಡು ಕಡೆ ಹರಿಯಿತು. ಒಳಗೊಳಗೆ ಹೋದಂತೆ ಟೇಪು ಚೊಕ್ಕವಾಗುತ್ತಾ ಬಂತು. ಅಪ್ಪ ಪ್ರತಿ ಸಲ ಕೇಳಿಯಾದ ಮೇಲೆ, ಸಿಕ್ಕಿಹಾಕಿಕೊಳ್ಳುವ ಹೆದರಿಕೆ ಇದ್ದರೂ, ಪೆನ್ಸಿಲ್ ತೂರಿಸಿ ಕೈಯಲ್ಲೇ ಪೂರ್ತಿ ಹಿಂದಕ್ಕೆ ಸುತ್ತಿ ಇಡುತ್ತಿದ್ದರು. ಹಾಗಾಗಿ ಆರಂಭ ಹೊರಗೆ, ಕೊನೆ ಒಳಗೆ. ಹಾಳಾದದ್ದು ಪಿಂಕ್ ಫ್ಲಾಯ್ಡ್‌ನ ಮೊದಲ ಮೂರು ನಾಲ್ಕು ನಿಮಿಷ. ಅದನ್ನು ಮಗಳು ತನ್ನ ಫೋನಿನಲ್ಲೇ ಹಾಕಿ ತೋರಿಸಬಲ್ಲಳು.

ಮೂರೂವರೆಗೆ ಮೋಡ ಕಟ್ಟಿತು. ಉಳಿದ ಕ್ಯಾಸೆಟ್‌ಗಳನ್ನು ಹಾಗೇ ಒಳಗೆ ಸೇರಿಸಿದೆವು. ಅದರಲ್ಲಿ ರಿವಾಲ್ವರ್ ಇರಲಿಲ್ಲ, ಅದು ಸಿ.ಡಿ. ನಮ್ಮ ಪಕ್ಕದ ಭಾಷೆಯಲ್ಲೇ ಕೇಳಿ ಬೆರಗಾದ ಅವಿಯಲ್ ಬ್ಯಾಂಡಿನ 2008ರ ಮಲಯಾಳ ಆಲ್ಬಂ ಕೂಡ ಸಿ.ಡಿ.ಯೇ. ಅವಕ್ಕೆ ಬೂಸ್ಟಿನ ಹೆದರಿಕೆ ಅಷ್ಟಿಲ್ಲ. ಪ್ರೀತಿ ಇದ್ದರೂ ಅವುಗಳ ಹಿಂದೆ ಓಡಬೇಕಾಗಿರಲಿಲ್ಲ, ಅಲ್ವಾ.

ಸಂಜೆ ಕರೆಂಟ್ ಇತ್ತು, ಪುಣ್ಯಕ್ಕೆ. ಹಳೆ ಟೂ-ಇನ್-ಒನ್‌ಗೆ ಹೊಸ ಬೆಲ್ಟ್ ಹಾಕಿದ್ದೆ. ಅಂಟಿಸಿದ ಜಾಗಗಳಲ್ಲಿ ಹಾಡು ತೊದಲಿತು. ಟಕ್ ಬಂತು. ತ್ರಿವುಡೆ ಬಂತು. ಮಗಳು ಎಣಿಸಲು ಹೋಗಿ ಆರಕ್ಕೇ ನಿಂತಳು. ಕೊನೆಗೆ ಎದೆಬಡಿತ ಸಣ್ಣದಾಗುತ್ತಾ ಹೋಗಿ, ಏನೂ ಇಲ್ಲದ ಒಂದು ಕ್ಷಣ. ಆಮೇಲೆ ಭಾಗವತರ ಪದ್ಯದ ಅರ್ಧ ಸಾಲು, ಜಾಗಟೆ, ಯಾರೋ ಕೆಮ್ಮಿದ್ದು, "ಚಾ ಎಲ್ಲಿಗೆ ಮುಟ್ಟಿತು?" ಅಂತ ಇನ್ಯಾರೋ ಕೇಳಿದ್ದು. ಅದೆಲ್ಲದರ ಅಡಿಯಲ್ಲಿ ಅಜ್ಜನ ಮದ್ದಳೆ.

ಮಗಳು ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ರೆಕಾರ್ಡ್ ಮಾಡಿಕೊಂಡಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಾಗಾಗಿ ಅಜ್ಜನ ಮದ್ದಳೆಯ ಮೇಲೆ ಈಗ ಎರಡು ಸೀಟಿಯೂ ಇದೆ. ಮೂರನೆಯದು ಬರುವ ಮೊದಲು ಟೇಪು ಮುಗಿಯಿತು.